ಮಕ್ಕಳನ್ನು ನೋಡಲು ಜರ್ಮನಿಗೆ: ಬೆಳಗಾವಿ, ವಿಜಯಪುರ ಕಡೆಯ ತಂದೆ-ತಾಯಿಗೆ ವೀಸಾ ತಯಾರಿ

ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದಿ ಜರ್ಮನಿ ಸೇರಿದ ಮಕ್ಕಳು, ಅಲ್ಲಿ ಮನೆ ಮಾಡಿದ ಮೇಲೆ ಅಪ್ಪ-ಅವ್ವನನ್ನು ಎರಡು-ಮೂರು ತಿಂಗಳ ಮಟ್ಟಿಗೆ ಕರೆಸಿಕೊಳ್ಳಲು ನೋಡುತ್ತಾರೆ. ಇದಕ್ಕೆ ಬೇಕಾದದ್ದು ಶೆಂಗೆನ್ ಅಲ್ಪಾವಧಿ ವೀಸಾ. ಶೆಂಗೆನ್ ಎಂದರೆ ಜರ್ಮನಿಯೂ ಸೇರಿದಂತೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ವಲಯ. ಫಾರ್ಮು ತುಂಬುವುದು ದೊಡ್ಡ ಕೆಲಸವಲ್ಲ. ನಮ್ಮ ಕಡೆಯ ಅರ್ಜಿಗಳು ಎಡವುವುದು ಹೆಸರಿನಲ್ಲಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ, ದಿನದ ಲೆಕ್ಕದಲ್ಲಿ. ಅರ್ಜಿ ನೋಡುವ ಅಧಿಕಾರಿಗೆ ನಿಮ್ಮ ಮುಖ ಕಾಣುವುದಿಲ್ಲ, ಕಾಗದ ಮಾತ್ರ ಕಾಣುತ್ತದೆ. ಆ ಕಾಗದಗಳೆಲ್ಲ ಒಂದೇ ಮಾತು ಹೇಳಬೇಕು.

ಮೊದಲು ಹೆಸರು

ಪಾಸ್‌ಪೋರ್ಟ್ ಕಳೆದ 10 ವರ್ಷಗಳೊಳಗೆ ಕೊಟ್ಟದ್ದಾಗಿರಬೇಕು, ಶೆಂಗೆನ್ ವಲಯ ಬಿಡುವ ದಿನದಿಂದ ಮುಂದೆ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿರಬೇಕು, 2 ಪುಟ ಖಾಲಿ ಇರಬೇಕು. ಇದಾದ ಮೇಲೆ ಪಾಸ್‌ಪೋರ್ಟ್, ಆಧಾರ್, ಮಗನ ಪಾಸ್‌ಪೋರ್ಟಿನ ಕೊನೆಯ ಪುಟ, ಅವನ ಜನನ ಪ್ರಮಾಣಪತ್ರ ಇಷ್ಟನ್ನೂ ಒಟ್ಟಿಗೆ ಇಟ್ಟು ಓದಿ. ಅವ್ವನ ಪಾಸ್‌ಪೋರ್ಟಿನಲ್ಲಿ ‘ಮಹಾದೇವಿ’, ಮಗನದರಲ್ಲಿ ‘ಮಾದೇವಿ’ ಎಂದಿದ್ದರೆ ಇವರಿಬ್ಬರು ತಾಯಿ-ಮಗ ಎಂಬುದಕ್ಕೇ ಪುರಾವೆ ಸಡಿಲವಾಗುತ್ತದೆ. ಒಂದೆರಡು ಅಕ್ಷರದ ವ್ಯತ್ಯಾಸವಾದರೆ ‘ಎರಡೂ ಹೆಸರು ಒಬ್ಬರದೇ’ ಎಂಬ ನೋಟರಿ ಅಫಿಡವಿಟ್ ಜೋಡಿಸಿ. ತವರಿನ ಹೆಸರು ಒಂದು, ಗಂಡನ ಮನೆಯ ಹೆಸರು ಇನ್ನೊಂದು ಎಂಬಷ್ಟು ಬೇರೆಯಾಗಿದ್ದರೆ ಅಫಿಡವಿಟ್ ನಂಬಿ ಕೂಡಬೇಡಿ, ದಾಖಲೆಯನ್ನೇ ತಿದ್ದಿಸಿ. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡ ಜೂನ್ 1ರ ಜನ್ಮದಿನಾಂಕ ಒಂದು ಕಡೆ, ಬೇರೆ ದಿನಾಂಕ ಇನ್ನೊಂದು ಕಡೆ ಇದ್ದರೂ ಇದೇ ಮಾತು.

ಪಾಸ್‌ಪೋರ್ಟ್ ತಿದ್ದುಪಡಿಯೆಂದರೆ ಹೊಸ ಪುಸ್ತಕವೇ ಬರುತ್ತದೆ. 36 ಪುಟದ್ದಕ್ಕೆ ಶುಲ್ಕ 1,500 ರೂಪಾಯಿ. ಬೆಳಗಾವಿಯ ಪ್ರಧಾನ ಅಂಚೆ ಕಚೇರಿಯಲ್ಲಿರುವ ಪಾಸ್‌ಪೋರ್ಟ್ ಕೇಂದ್ರದಲ್ಲೋ ಹುಬ್ಬಳ್ಳಿಯ ಸೇವಾ ಕೇಂದ್ರದಲ್ಲೋ ಕೆಲಸವಾಗುತ್ತದೆ. ಪೊಲೀಸ್ ವಿಚಾರಣೆಯೂ ನಡೆಯಬಹುದು, ಆದ್ದರಿಂದ ಪ್ರಯಾಣಕ್ಕೆ ಐದಾರು ತಿಂಗಳು ಮುಂಚೆಯೇ ಕೈ ಹಾಕಿ.

ಅಡ್ಡಹೆಸರಿನ ಜಾಗ ಖಾಲಿ ಇದ್ದರೆ ಫಾರ್ಮಿನಲ್ಲೂ ಪಾಸ್‌ಪೋರ್ಟಿನಲ್ಲಿದ್ದಂತೆಯೇ ಬರೆಯಿರಿ, ಹೊಸದಾಗಿ ಸೇರಿಸಬೇಡಿ. ಒಂದೇ ಪದದ ಹೆಸರಿನವರು ದಾರಿಯಲ್ಲಿ ದುಬೈ ನೋಡಿಕೊಂಡು ಹೋಗುವ ಯೋಚನೆ ಇಟ್ಟುಕೊಂಡಿದ್ದರೆ ಮತ್ತೊಮ್ಮೆ ಯೋಚಿಸಿ: 2022ರ ನವೆಂಬರ್‌ನಿಂದ ಅಲ್ಲಿನ ಪ್ರವಾಸಿ ವೀಸಾಕ್ಕೆ ಒಂಟಿ ಹೆಸರು ನಡೆಯುವುದಿಲ್ಲ. ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಮಾತ್ರ ಒಪ್ಪುತ್ತಾರೆ.

ದುಡ್ಡಿನ ಕಾಗದ

ಖರ್ಚು ಮಗನದಾದರೆ ಅವನು ತನ್ನ ಊರಿನ ವಿದೇಶಿಯರ ಕಚೇರಿಯಲ್ಲಿ ಸಂಬಳದ ಚೀಟಿ ತೋರಿಸಿ ‘ಫೆರ್‌ಫ್ಲಿಷ್ಟುಂಗ್ಸ್‌ಎರ್‌ಕ್ಲೇರುಂಗ್’ ಎಂಬ ಹೊಣೆಪತ್ರ ಮಾಡಿಸಬೇಕು. ಇದರ ಮೂಲಪ್ರತಿಯೇ ಬೇಕು, ವಾಟ್ಸ್ಯಾಪಿನಲ್ಲಿ ಬಂದ ಫೋಟೊ ಸಾಲದು. ಮಾಡಿಸಿದ 6 ತಿಂಗಳೊಳಗೆ ಬಳಸಬೇಕು. ಅಲ್ಲಿ ಸರದಿ ಸಿಗುವುದಕ್ಕೇ ವಾರಗಟ್ಟಲೆ ಹಿಡಿಯಬಹುದಾದ್ದರಿಂದ ಮಗನಿಗೆ ಮೊದಲು ಈ ಕೆಲಸ ಹಚ್ಚಿ.

ಹೊಣೆಪತ್ರ ಇದೆಯೆಂದು ಇಲ್ಲಿಯ ಕಾಗದಗಳನ್ನು ಬಿಡುವಂತಿಲ್ಲ. ‘ಇವರು ವಾಪಸು ಬರುತ್ತಾರೆಯೇ’ ಎಂಬ ಪ್ರಶ್ನೆಗೆ ಉತ್ತರ ಊರಿನಲ್ಲೇ ಇದೆ. ನಿವೃತ್ತರಿಗೆ ಪಿಂಚಣಿ ಆದೇಶ ಮತ್ತು ಆದಾಯ ತೆರಿಗೆ ರಿಟರ್ನ್ ಸಾಕು. ಒಕ್ಕಲುತನದವರಿಗೆ ತೊಡಕು ಹೆಚ್ಚು, ಏಕೆಂದರೆ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ರಿಟರ್ನ್ ಕೂಡ ಇರುವುದಿಲ್ಲ. ಅವರು ಹೊಲದ ಉತಾರ (ಪಹಣಿ) ತೆಗೆಸಿ ಇಂಗ್ಲಿಷ್ ಅನುವಾದ ಮಾಡಿಸಬೇಕು. ಖಾತೆಯಲ್ಲಿ ಹತ್ತು ತಿಂಗಳು ಸುಮ್ಮನಿದ್ದು ಒಮ್ಮೆಲೇ ನಾಲ್ಕು ಲಕ್ಷ ಬಿದ್ದರೆ, ವೀಸಾಕ್ಕಾಗಿ ಯಾರದೋ ದುಡ್ಡು ತಂದು ತುಂಬಿದಂತೆ ಕಾಣುತ್ತದೆ. ಅದು ಕಬ್ಬಿನ ಬಿಲ್ಲು ಎಂದು ಜರ್ಮನ್ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಕಾರ್ಖಾನೆಯ ಬಿಲ್ಲು, ಒಣದ್ರಾಕ್ಷಿಯಾದರೆ ಮಾರುಕಟ್ಟೆಯ ಪಟ್ಟಿ ಲಗತ್ತಿಸಿ, ಯಾವ ತಾರೀಖಿನ ಯಾವ ಜಮೆ ಯಾವುದರದ್ದು ಎಂದು ವಿವರಣೆ ಪತ್ರದಲ್ಲಿ ಬರೆಯಿರಿ. ಸಾಲ ತಂದು ನಾಲ್ಕು ದಿನ ಖಾತೆ ತುಂಬಿಸಿಡುವುದು ಬೇಡವೇ ಬೇಡ. ಅದು ಸ್ಟೇಟ್‌ಮೆಂಟಿನಲ್ಲಿ ಎದ್ದು ಕಾಣುತ್ತದೆ.

ಪ್ರಯಾಣ ವಿಮೆ ಕನಿಷ್ಠ 30,000 ಯೂರೋ, ಶೆಂಗೆನ್ ವಲಯ ಪೂರ್ತಿ, ಇರುವಷ್ಟೂ ದಿನಕ್ಕೆ. ಅಗ್ಗದ ಪಾಲಿಸಿಗಳು ಬಿಪಿ, ಸಕ್ಕರೆ ಕಾಯಿಲೆಯಂಥ ಹಳೆಯ ರೋಗಗಳನ್ನು ಹೊರಗಿಡುವುದುಂಟು. ವಯಸ್ಸಾದವರಿಗೆ ಕೊಳ್ಳುವಾಗ ಆ ಷರತ್ತನ್ನು ಓದಿಯೇ ದುಡ್ಡು ಕಟ್ಟಿ.

ಬೆಂಗಳೂರಿನಲ್ಲಿ

ಅರ್ಜಿ ಕೊಡುವುದು ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ, ಜರ್ಮನಿಯ ಪರವಾಗಿ ಅರ್ಜಿ ತೆಗೆದುಕೊಳ್ಳುವ ಖಾಸಗಿ ಸಂಸ್ಥೆ ಅದು. ಹೊರಡುವುದಕ್ಕೆ 6 ತಿಂಗಳಿಗಿಂತ ಮೊದಲು ಕೊಡುವಂತಿಲ್ಲ, 15 ದಿನಕ್ಕಿಂತ ತಡವೂ ಆಗುವಂತಿಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚೆಂದರೆ 45. ಶುಲ್ಕ 90 ಯೂರೋ, ರೂಪಾಯಿಯಲ್ಲಿ ಕಟ್ಟಬೇಕು, ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೂ ಶುಲ್ಕ ವಾಪಸಿಲ್ಲ.

ಬೆರಳಚ್ಚು ಕೊಡಲು ಇಬ್ಬರೂ ಖುದ್ದಾಗಿ ಹೋಗಬೇಕು. ಒಮ್ಮೆ ಕೊಟ್ಟರೆ 59 ತಿಂಗಳು ನಡೆಯುತ್ತದೆ. ಹೊಲದಲ್ಲಿ ದುಡಿದು ಬೆರಳ ಗೆರೆ ಸವೆದಿದ್ದರೆ ಒಂದು ವಾರ ಮುಂಚಿನಿಂದ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಆ ದಿನ ಮಾತ್ರ ಕೈ ಸ್ವಚ್ಛ ತೊಳೆದುಕೊಂಡು ಹೋಗಿ. ರಾಣಿ ಚೆನ್ನಮ್ಮ ಅಥವಾ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ಹೋಗುವವರು ಬೆಳಗಿನ ಮೊದಲ ಸಮಯ ಹಿಡಿಯಬೇಡಿ. ರೈಲು ತಡವಾದರೆ ಅಪಾಯಿಂಟ್‌ಮೆಂಟೇ ಹೋಗುತ್ತದೆ.

ತಿರಸ್ಕಾರವಾದರೆ ಕಾರಣದ ಪತ್ರ ಕೊಡುತ್ತಾರೆ. ಜರ್ಮನಿಯು 2025ರ ಜುಲೈ 1ರಿಂದ ಮರುಪರಿಶೀಲನೆಯ ಮನವಿಯನ್ನು ನಿಲ್ಲಿಸಿದೆ. ಉಳಿದದ್ದು ಬರ್ಲಿನ್ ಆಡಳಿತ ನ್ಯಾಯಾಲಯ ಇಲ್ಲವೇ ಹೊಸ ಅರ್ಜಿ. ಪತ್ರದಲ್ಲಿ ಹೇಳಿದ ಕೊರತೆ ತುಂಬಿ ಹೊಸ ಅರ್ಜಿ ಹಾಕುವುದೇ ಹೆಚ್ಚಿನವರಿಗೆ ಸರಿಯಾದ ದಾರಿ. ಅದೇ ಕಾಗದಗಳನ್ನು ಮತ್ತೆ ಕೊಟ್ಟರೆ ಉತ್ತರವೂ ಅದೇ.

90 ದಿನವೆಂದರೆ ಮೂರು ತಿಂಗಳಲ್ಲ

ವೀಸಾ ಚೀಟಿಯ ಮೇಲೆ ಎರಡು ಬೇರೆ ಬೇರೆ ಸಂಗತಿಗಳಿರುತ್ತವೆ: ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂಬುದು, ಮತ್ತು ಒಟ್ಟು ಎಷ್ಟು ದಿನ (ಹೆಚ್ಚೆಂದರೆ 90) ಇರಬಹುದು ಎಂಬುದು. ತಾರೀಖು ಆಗಸ್ಟ್ 14ರವರೆಗೆ ಇದೆಯೆಂದು ಅಲ್ಲಿಯವರೆಗೆ ಕೂಡುವಂತಿಲ್ಲ. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಬರುತ್ತವೆ. ಮೇ 10ಕ್ಕೆ ಇಳಿದವರಿಗೆ ಮೇದಲ್ಲಿ 22, ಜೂನ್‌ನಲ್ಲಿ 30, ಜುಲೈನಲ್ಲಿ 31, ಅಲ್ಲಿಗೆ 83. ತೊಂಬತ್ತನೆಯ ದಿನ ಆಗಸ್ಟ್ 7. ‘ಮೂರು ತಿಂಗಳು’ ಎಂದುಕೊಂಡು ಆಗಸ್ಟ್ 10ಕ್ಕೆ ಟಿಕೆಟ್ ಮಾಡಿದರೆ 93 ದಿನ, ಅದು ಅಕ್ರಮ ವಾಸ. ಈ 90 ದಿನ ಯಾವುದೇ 180 ದಿನಗಳ ಒಳಗಿನ ಲೆಕ್ಕವಾದ್ದರಿಂದ ಆಗಸ್ಟ್ 7ಕ್ಕೆ ಹೊರಟವರು, ವೀಸಾ ಇದ್ದರೂ, ನವೆಂಬರ್ 6ಕ್ಕಿಂತ ಮೊದಲು ಮರಳುವಂತಿಲ್ಲ. 2025ರ ಅಕ್ಟೋಬರ್‌ನಿಂದ ಗಡಿಯಲ್ಲಿ ಮುದ್ರೆಯ ಬದಲು ಗಣಕದಲ್ಲೇ ಬಂದು-ಹೋದದ್ದನ್ನು ದಾಖಲಿಸುವ ವ್ಯವಸ್ಥೆ ಶುರುವಾಗಿದೆ. ಒಂದು ದಿನ ಹೆಚ್ಚಾದರೂ ಅದು ತಾನೇ ತೋರಿಸುತ್ತದೆ.

ಪ್ರವೇಶ ಎಷ್ಟು ಬಾರಿ ಎಂಬ ಜಾಗದಲ್ಲಿ 1 ಇದ್ದರೆ ಸ್ವಿಟ್ಜರ್ಲೆಂಡಿಗೆ ಹೋಗಿ ಬರಬಹುದು, ಅದು ಶೆಂಗೆನ್ ಒಳಗಿದೆ. ಲಂಡನ್ನಿಗೆ ಹೋದರೆ ವಾಪಸು ಒಳಗೆ ಬಿಡುವುದಿಲ್ಲ.

ಸಾಮಾನು

ಕುಂದಾ ಕಟ್ಟಿಕೊಳ್ಳಬೇಡಿ. ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಯುರೋಪಿನಲ್ಲಿ ನಿಷೇಧವಿದೆ, ತುಪ್ಪದ ಡಬ್ಬಿಗೂ ಅದೇ ಗತಿ. ಕರಿಬೇವು, ತಾಜಾ ಕಾಯಿಪಲ್ಲೆಯೂ ಬೇಡ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಸಾಲಿ ಖಾರ ಧಾರಾಳವಾಗಿ ಒಯ್ಯಿರಿ. ಮಾತ್ರೆಗಳು ಗರಿಷ್ಠ 3 ತಿಂಗಳಿಗಾಗುವಷ್ಟು, ಇಂಗ್ಲಿಷಿನಲ್ಲಿ ಬರೆದ ವೈದ್ಯರ ಚೀಟಿಯ ಜೊತೆಗೆ.

ವೀಸಾ ಇದ್ದರೂ ಗಡಿಯಲ್ಲಿ ಪ್ರಶ್ನೆ ಕೇಳುವ ಹಕ್ಕು ಅಧಿಕಾರಿಗಿದೆ. ಹೊಣೆಪತ್ರದ ಪ್ರತಿ, ವಿಮೆ, ಮರಳುವ ಟಿಕೆಟ್, ಮಗನ ವಿಳಾಸ-ಫೋನ್ ನಂಬರು ಇವನ್ನು ದೊಡ್ಡ ಪೆಟ್ಟಿಗೆಯಲ್ಲಿ ಹಾಕದೆ ಕೈಚೀಲದಲ್ಲಿಡಿ. ಪೆಟ್ಟಿಗೆ ಕೈಗೆ ಸಿಗುವುದು ಪಾಸ್‌ಪೋರ್ಟ್ ತಪಾಸಣೆ ದಾಟಿದ ಮೇಲೆಯೇ.