ಕಲಬುರಗಿಯ ದಾರಿಗೆ ಒಗ್ಗುವ ರೋಡ್ ಸೈಕಲ್ ಆರಿಸುವ ಬಗೆ

ಕಡಿಮೆ ಬೆಲೆಯ ರೋಡ್ ಸೈಕಲ್ ಕೊಳ್ಳುವಾಗ ಗೇರುಗಳ ಸಂಖ್ಯೆಗಿಂತ ಮೊದಲು ಫ್ರೇಮಿನ ಅಳತೆಯನ್ನು ನೋಡಬೇಕು. ಸೀಟಿನಿಂದ ಹ್ಯಾಂಡಲಿನ ಕಡೆಗೆ ಹೋಗುವ ಮೇಲಿನ ಕೊಳವೆಯ ಎರಡೂ ಬದಿಗೆ ಕಾಲಿಟ್ಟು ನಿಂತಾಗ ತೊಡೆಸಂದಿಗೂ ಕೊಳವೆಗೂ ನಡುವೆ ಎರಡು ಬೆರಳಿನಷ್ಟಾದರೂ ಅಂತರವಿರಬೇಕು; ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಮೊಣಕಾಲು ನೇರವಾಗುವಂತೆ ಸೀಟಿನ ಎತ್ತರವನ್ನು ಹೊಂದಿಸಬೇಕು. ಹ್ಯಾಂಡಲ್ ಹಿಡಿಯಲು ಮೈಯನ್ನು ವಿಪರೀತ ಚಾಚಬೇಕಾದರೆ ಆ ಸೈಕಲ್ ಎಷ್ಟೇ ಅಗ್ಗವಾಗಿದ್ದರೂ ಬೇಡ, ಏಕೆಂದರೆ ಹುಮನಾಬಾದ್ ರಸ್ತೆ ಹಿಡಿದು ಸ್ವಲ್ಪ ದೂರ ಹೋಗುವಷ್ಟರಲ್ಲೇ ಕುತ್ತಿಗೆ, ಸೊಂಟ ನೋಯತೊಡಗುತ್ತವೆ. ಟೈರ್ 28 ಅಥವಾ 32 ಮಿ.ಮೀ. ಅಗಲದ್ದಿರಲಿ, 23 ಮಿ.ಮೀ. ಟೈರ್ ನಮ್ಮ ಹಳ್ಳಿ ರಸ್ತೆಗಳ ಜಲ್ಲಿಗೆ ತಕ್ಕದ್ದಲ್ಲ. ಮಳೆಗಾಲದಲ್ಲಿ ಎರೆಮಣ್ಣು ಟೈರಿಗೂ ಮುಂದಿನ ಚಕ್ರವನ್ನು ಹಿಡಿದಿರುವ ಕವಲಾದ ಫೋರ್ಕಿಗೂ ನಡುವೆ ಮೆತ್ತಿಕೊಂಡು ಚಕ್ರವನ್ನೇ ನಿಲ್ಲಿಸುವುದರಿಂದ, ಅಲ್ಲಿ ಕಿರುಬೆರಳು ಸಲೀಸಾಗಿ ತೂರುತ್ತದೆಯೇ ಎಂದು ಅಂಗಡಿಯಲ್ಲೇ ಪರೀಕ್ಷಿಸಿ.