ಆಸ್ಪತ್ರೆ ಬಿಲ್ ಕಟ್ಟದ ಆರೋಗ್ಯ ನಿಧಿ: ಸಿಂಧನೂರು ಕಡೆಯ ನನ್ನ ಅನುಭವ

ನಮ್ಮ ಧರ್ಮಕೇಂದ್ರದ (ಕ್ಯಾಥೊಲಿಕ್ ಪ್ಯಾರಿಷ್‌ನ) ಆರೋಗ್ಯ ನಿಧಿ, ಅಂದರೆ ಮನೆಮನೆಯಿಂದ ತಿಂಗಳಿಗಿಷ್ಟು ಕೂಡಿಸಿ ಕಾಯಿಲೆ ಬಿದ್ದವರಿಗೆ ಕೊಡುವ ದುಡ್ಡು, ಈಗಿನ ರೂಪಕ್ಕೆ ಬಂದು ನಾಲ್ಕು ವರ್ಷದ ಮೇಲಾಯಿತು. "ಮಾಸ್ತರ, ಇದು ಚೀಟಿ ಅಲ್ರೀ. ರೊಕ್ಕ ವಾಪಸ್ ಬರಂಗಿಲ್ಲ ಅಂದ್ರ ಯಾರು ಕೊಡ್ತಾರ?" ಎಂದು ಚರ್ಚಿನ ಪಾಲನಾ ಸಮಿತಿಯ ಹಿರಿಯರೊಬ್ಬರು ಕೇಳಿದ್ದರು. ಈಗ ಅವರ ಮನೆಯೂ ಸದಸ್ಯ. ಮೊನ್ನೆ ಬಳ್ಳಾರಿ ಕಡೆಯ ಕಾರ್ಯಕರ್ತರು ನಮ್ಮ ಲೆಕ್ಕದ ಪುಸ್ತಕ ನೋಡಲು ಬಂದಿದ್ದರು. ಅದಕ್ಕೇ ಬೇರೆ ಊರಿನ ಕಾರ್ಯಕರ್ತರಿಗೂ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ. ಸ್ವಸಹಾಯ ಸಂಘ ನಡೆಸುವುದು, ಠರಾವು ಬರೆಯುವುದು ನಿಮಗೆ ಗೊತ್ತೇ ಇದೆ.

ಮೊದಲು ನಾವು ಆಸ್ಪತ್ರೆ ಬಿಲ್ಲನ್ನೇ ಕಟ್ಟಲು ಹೊರಟಿದ್ದೆವು. ಮನೆಗೆ ತಿಂಗಳಿಗೆ 20 ರೂಪಾಯಿ. ವರ್ಷದ ದುಡ್ಡು ಒಂದು ಅಪೆಂಡಿಕ್ಸ್ ಆಪರೇಷನ್ನಿಗೂ ಒಂದು ಕಾಲು ಮುರಿತಕ್ಕೂ ಖಾಲಿ. ಮೂರನೆಯವರು ಬಂದಾಗ ಡಬ್ಬಿಯಲ್ಲಿ ನಾಲ್ಕುನೂರು ಚಿಲ್ಲರೆ ಇತ್ತು. ಆಮೇಲೆ ಒಂದು ವಿಮಾ ಕಂಪನಿಯ ಗುಂಪು ಪಾಲಿಸಿ ಮಾಡಿಸಿದೆವು. ಪ್ರೀಮಿಯಂ ಅಂತ 40 ಸಾವಿರದ ಹತ್ತಿರ ಹೋಯಿತು. ಕ್ಲೇಮ್ ಹಾಕಿದವರಿಗೆಲ್ಲ "ಇದು ಹಳೆ ಕಾಯಿಲೆ" ಎಂಬ ಒಂದೇ ಉತ್ತರ. ಮೂರನೆಯದು ಚರ್ಚಿನಲ್ಲೇ ಪೆಟ್ಟಿಗೆ, ಫಾದರ್ ಹೇಳಿದ್ದೇ ತೀರ್ಮಾನ. ಮೂರರಲ್ಲಿ ಇದೇ ಕೆಟ್ಟದ್ದು. ಫಾದರ್ ಒಳ್ಳೆಯವರೇ. ಆದರೆ ಬಾಯಿ ಇದ್ದವರಿಗೆ ಸಿಕ್ಕಿತು, ನಾಚಿಕೊಂಡವರಿಗೆ ಸಿಗಲಿಲ್ಲ. ಕೊಟ್ಟದ್ದನ್ನು ಜನ ದಾನ ಅಂದುಕೊಂಡರು, ಒಬ್ಬರೂ ತಿರುಗಿಸಲಿಲ್ಲ. ಅಷ್ಟರಲ್ಲಿ ಲಕ್ಷದ ಹತ್ತಿರ ಕರಗಿತ್ತು.

ದಾರಿ ಕಾಣಿಸಿದ್ದು ತರಬೇತಿಯೊಂದರಲ್ಲಿ ಎದ್ದ ವಾದದಿಂದ. ಹನ್ನೊಂದನೇ ಪಿಯುಸ್ ಜಗದ್ಗುರುಗಳು (ಪೋಪ್) 1931ರಲ್ಲಿ ಬರೆದ ಪತ್ರವನ್ನು ಒಬ್ಬರು ಎತ್ತಿದರು. ಕೆಳಗಿನವರು ಮಾಡಬಲ್ಲ ಕೆಲಸವನ್ನು ಮೇಲಿನವರು ಕಿತ್ತುಕೊಳ್ಳಬಾರದು ಎಂಬುದು ಅದರ ಸಾರ. ಹಾಗಾಗಿ ಆರೋಗ್ಯದಲ್ಲಿ ಸರ್ಕಾರ ಕೈಹಾಕಬಾರದು, ನಾವೇ ಆಸ್ಪತ್ರೆ ಕಟ್ಟೋಣ ಎಂದರು. ನಾನು ಎದ್ದು ನಿಂತೆ. ಮೇಲಿನವರು ಕೈಕಟ್ಟಿ ಕೂರಬೇಕು ಅಂತ ಆ ಪತ್ರದಲ್ಲಿ ಎಲ್ಲಿದೆ? 1963ರಲ್ಲಿ ಪೋಪ್ ಇಪ್ಪತ್ತಮೂರನೇ ಜಾನ್ ಅವರು ವೈದ್ಯಕೀಯ ಆರೈಕೆಯನ್ನು ಮನುಷ್ಯನ ಹಕ್ಕುಗಳ ಸಾಲಿಗೇ ಸೇರಿಸಿದ್ದಾರಲ್ಲ. ಅಮೆರಿಕದಲ್ಲೂ 2010ರಲ್ಲಿ ಅಧ್ಯಕ್ಷ ಒಬಾಮಾ ಅವರ ಆರೋಗ್ಯ ವಿಮೆ ಕಾನೂನು ಬಂದಾಗ ಇದೇ ಎಳೆದಾಟ. ಎಲ್ಲರಿಗೂ ಚಿಕಿತ್ಸೆ ಸಿಗಲಿ ಎನ್ನುತ್ತಿದ್ದ ಧರ್ಮಾಧ್ಯಕ್ಷರ (ಬಿಷಪ್ಪರ) ಮಂಡಳಿಯೇ, ಗರ್ಭಪಾತಕ್ಕೆ ಸರ್ಕಾರದ ದುಡ್ಡು ಹೋಗುತ್ತದೆ ಎಂದು ಅದನ್ನು ವಿರೋಧಿಸಿತು. ಸಿಸ್ಟರ್ ಕ್ಯಾರಲ್ ಕೀಹನ್ ಮುಂದಾಳಾಗಿದ್ದ ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘ ಬೆಂಬಲಿಸಿತು. ಅಲ್ಲಿಯ ಜಗಳ ಅಲ್ಲಿಗಿರಲಿ. ಯಾವ ಖರ್ಚು ಯಾರು ಹೊರಬೇಕು ಅನ್ನುವ ಪ್ರಶ್ನೆ ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ.

ಊರಿಗೆ ಬಂದು ಸಂಘದ ಅಕ್ಕಂದಿರ ಜೊತೆ ಕೂತೆ. ಹಿಂದಿನ ವರ್ಷ ಅಡ್ಮಿಟ್ ಆದವರು ಯಾತಕ್ಕೆ ಸಾಲ ಮಾಡಿದ್ದರು ಎಂದು ಬರೆಸಿದೆ. ಆಪರೇಷನ್ನಿಗೆ ಅಂತ ಸಾಲ ಮಾಡಿದವರು ಕಡಿಮೆ. ಬಿಪಿಎಲ್ ಮನೆಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸಾಲ ಆಗಿದ್ದು ರಾತ್ರಿ ರಾಯಚೂರಿಗೆ ಹೋದ ಕಾರಿಗೆ, ಜೊತೆಗಿದ್ದವರ ಊಟಕ್ಕೆ, ತಪ್ಪಿದ ಕೂಲಿಗೆ, ಅಡ್ಮಿಟ್ ಆಗದೆ ಬರೀ ತೋರಿಸಿಕೊಂಡು ಬಂದವರ ಪರೀಕ್ಷೆಗೆ. ಮನೆಗೆ 4ರಿಂದ 8 ಸಾವಿರ. ನೂರಕ್ಕೆ ತಿಂಗಳಿಗೆ 3ರಿಂದ 5 ರೂಪಾಯಿ ಬಡ್ಡಿ. ಈ ಖರ್ಚಿಗೆ ಯಾವ ಕಾರ್ಡೂ ಬರಲ್ಲ.

ಅಲ್ಲಿಗೆ ತೀರ್ಮಾನವಾಯಿತು. ಬಿಲ್ಲಿಗೆ ನಮ್ಮ ನಿಧಿಯಿಂದ ಒಂದು ರೂಪಾಯಿಯೂ ಇಲ್ಲ. ಅದು ಸರ್ಕಾರದ ಭಾರ, ನಾವು ಅದನ್ನು ಅವರಿಂದ ಮಾಡಿಸಬೇಕು ಅಷ್ಟೇ. ಮೊದಲ ದಿನದ ಕೈಕಾಸು ನಮ್ಮದು. ಕಾಯಿಲೆ ಬಿದ್ದ ಕೂಲಿಯವನ ಜೊತೆ ಅವನ ಸಂಘ ನಿಲ್ಲಬೇಕು ಎಂದು 1891ರಲ್ಲೇ ಪೋಪ್ ಹದಿಮೂರನೇ ಲಿಯೋ ಬರೆದಿದ್ದರು. ಅವರು ಯುರೋಪಿನ ಕಾರ್ಖಾನೆ ನೋಡಿ ಬರೆದದ್ದು. ನಮ್ಮ ಕ್ಯಾಂಪಿನ (ಕಾಲುವೆ ನೀರಾವರಿಯ ಊರಿನ) ಭತ್ತದ ಗದ್ದೆಗೂ ಸರಿಯಾಗಿಯೇ ಕೂರುತ್ತದೆ.

ಮನೆಗೆ ತಿಂಗಳಿಗೆ 30 ರೂಪಾಯಿ. 140 ಮನೆ ಅನ್ನಿ, ವರ್ಷಕ್ಕೆ 50 ಸಾವಿರದ ಆಸುಪಾಸು. 1,500ರವರೆಗೆ ಆ ಓಣಿಯ ಸಂಘವೇ ಕೊಡುತ್ತದೆ, ಯಾರನ್ನೂ ಕೇಳಬೇಕಿಲ್ಲ. ಅದಕ್ಕಿಂತ ಜಾಸ್ತಿ ಬೇಕಾದರೆ ಎಲ್ಲ ಸಂಘಗಳ ಪ್ರತಿನಿಧಿಗಳು ಕೂರುತ್ತಾರೆ. ಅರ್ಧ ಕೊಡುಗೆ, ಅರ್ಧ ಬಡ್ಡಿಯಿಲ್ಲದ ಸಾಲ. ಪುಸ್ತಕ ಚರ್ಚಿನಲ್ಲಿಲ್ಲ, ಸಂಘದ ಅಕ್ಕನ ಮನೆಯಲ್ಲಿದೆ. ಸದಸ್ಯರಲ್ಲಿ ಮೂರನೇ ಒಂದು ಪಾಲು ಹಿಂದೂ, ಮುಸ್ಲಿಂ ಮನೆಗಳು. ಮತಾಂತರ ಅನ್ನುವ ಮಾತಿಗೆ ಜಾಗವೇ ಇರಬಾರದು ಅಂತ ಹೀಗೆ ಮಾಡಿದ್ದು. ಪೆಟ್ಟಿಗೆ ಚರ್ಚಿನಲ್ಲಿದ್ದಾಗ ಬಾರದ ಸಾಲ ಈಗ ನೂರಕ್ಕೆ 80ರಷ್ಟು ವಾಪಸ್ ಬರುತ್ತಿದೆ. ಪಕ್ಕದ ಮನೆಯವಳ ಎದುರು ಹೆಬ್ಬೆಟ್ಟು ಒತ್ತಿದ ಸಾಲ ನೋಡಿ.

ಸದಸ್ಯ ಆಗುವ ಮುಂಚೆ ಕಾರ್ಡು ನೋಡುತ್ತೇವೆ. ರೇಷನ್ ಕಾರ್ಡಿನಲ್ಲಿ "ಈರಮ್ಮ", ಆಧಾರಿನಲ್ಲಿ "ವೀರಮ್ಮ" ಇದ್ದರೆ ಆಪರೇಷನ್ ದಿನ ಅಳಬೇಕಾಗುತ್ತದೆ. ಖಾಸಗಿ ಆಸ್ಪತ್ರೆಗೆ ಮುಂಚೆ ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ಚೀಟಿ (ಬೇರೆ ಆಸ್ಪತ್ರೆಗೆ ಕಳಿಸುವ ಪತ್ರ) ತರಬೇಕು, ತುರ್ತು ಇದ್ದರೆ ಬೇಡ. ಇದಿಷ್ಟು ಎಲ್ಲರ ಬಾಯಲ್ಲೂ ಇದೆ. ಒಂದು ಖಾಸಗಿ ಆಸ್ಪತ್ರೆಯವರು ಕಾರ್ಡಿದ್ದರೂ 10 ಸಾವಿರ ಅಡ್ವಾನ್ಸ್ ಕೇಳಿದ್ದರು. ಅರ್ಧ ಗಂಟೆಯಲ್ಲಿ ಸುಮ್ಮನಾದರು. ಹೇಗೆ ಅಂತ ಇಲ್ಲಿ ಬರೆಯಲ್ಲ, ಬರೆದರೆ ಮುಂದಿನ ಸಲ ನಡೆಯಲ್ಲ. ಸುಳ್ಳು ಕ್ಲೇಮ್ ಹಿಡಿಯುವ ಉಪಾಯವೂ ಅಷ್ಟೇ. ನಮ್ಮಲ್ಲಿಗೆ ಬಂದರೆ ಚಹಾ ಕುಡಿಯುತ್ತಾ ಹೇಳುತ್ತೇನೆ.

ನಿಜವಾದ ಪರೀಕ್ಷೆ ಬಂದದ್ದು 2023ರಲ್ಲಿ. ಮಳೆ ಕೈಕೊಟ್ಟಿತು, ತುಂಗಭದ್ರಾ ಡ್ಯಾಮ್ ತುಂಬಲಿಲ್ಲ, ಎಡದಂಡೆ ಕಾಲುವೆ ಒಣಗಿತು. ಅರ್ಧ ಕ್ಯಾಂಪ್ ಬೆಂಗಳೂರಿಗೆ ಗುಳೆ ಹೋಯಿತು. ತಿಂಗಳ ದುಡ್ಡು ಮೂರನೇ ಒಂದಕ್ಕೆ ಇಳಿಯಿತು. ಉಳಿಸಿದ್ದು ಎರಡು. ಒಂದು, ಅದೇ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರ ಬಸ್ ಚಾರ್ಜ್ ನಿಂತದ್ದು. ನಮ್ಮ ಪುಸ್ತಕದಲ್ಲಿ ಬಸ್ಸಿನ ಖರ್ಚು ಅರ್ಧಕ್ಕಿಂತ ಕೆಳಗೆ ಬಿತ್ತು. ಇನ್ನೊಂದು, ಗುಳೆ ಹೋದವರು ಫೋನ್‌ಪೇಯಲ್ಲಿ ಕಳಿಸಿದ ದುಡ್ಡು. ನಾನು ಕೇಳಿರಲಿಲ್ಲ, ಅಕ್ಕಂದಿರೇ ಫೋನ್ ಮಾಡಿ ವಸೂಲಿ ಮಾಡಿದರು.

ದುಡ್ಡಿಲ್ಲದವರಿಂದ ಸುಗ್ಗಿಯಲ್ಲಿ ಜೋಳ ತಗೊಳ್ಳೋಣ ಎಂದೂ ಮಾಡಿ ನೋಡಿದೆವು. ಇಡಲು ಜಾಗವಿಲ್ಲ, ಹುಳ ಬಿತ್ತು, ಬಿಟ್ಟೆವು. ಭಾನುವಾರ ಪೂಜೆ ಮುಗಿದ ಮೇಲೆ ಬಿಪಿ ನೋಡುವುದು ಚೆನ್ನಾಗಿ ನಡೆಯಿತು. ಮಷಿನ್ನಿಗೆ ಎರಡು ಸಾವಿರದ ಹತ್ತಿರ. ಬಿಪಿ ಇದೆ ಅಂತ ಜನರಿಗೆ ಗೊತ್ತಿತ್ತು, ಮಾತ್ರೆ ಬಿಟ್ಟಿದ್ದರು. ಈಗ ತಿಂಗಳಿಗೊಮ್ಮೆ ಒಬ್ಬ ಹುಡುಗ ಎಲ್ಲರ ಚೀಟಿ ಹಿಡಿದು ಜನೌಷಧಿ ಅಂಗಡಿಗೆ ಹೋಗುತ್ತಾನೆ. ಬಿಪಿ, ಶುಗರ್ ಎರಡೂ ಇರುವ ಒಬ್ಬ ಅಮ್ಮನಿಗೆ ಮೊದಲು 700 ಆಗುತ್ತಿತ್ತು, ಈಗ 200ರೊಳಗೆ.

ಈಗ ನಿಧಿಯಲ್ಲಿ 60 ಸಾವಿರದ ಮೇಲಿದೆ. ನಮ್ಮ ಕೈಗೆ ಸಿಗದಿರುವುದು ಡಯಾಲಿಸಿಸ್. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಆದರೆ ವಾರಕ್ಕೆ ಎರಡು ಮೂರು ಸಲ ಹೋಗಿ ಬರಬೇಕು. ಅಂಥ ಎರಡು ಮನೆ ಬಂದರೆ ನಮ್ಮ ವರ್ಷದ ಲೆಕ್ಕ ಅರ್ಧ ವರ್ಷಕ್ಕೇ ಮುಗಿಯುತ್ತದೆ. ಸದ್ಯಕ್ಕೆ ಒಂದು ಮನೆಗೆ ಆಟೋ ಬಾಡಿಗೆಯನ್ನು ಮೂರು ಸಂಘ ಸೇರಿ ಬೇರೆಯಾಗಿ ಎತ್ತುತ್ತಿವೆ. ಮಾನ್ವಿ, ಗಂಗಾವತಿ ಕಡೆ ಯಾರಾದರೂ ಇದಕ್ಕೆ ದಾರಿ ಕಂಡುಕೊಂಡಿದ್ದರೆ ತಿಳಿಸಿ, ನಮ್ಮ ಲೆಡ್ಜರ್ ಮಾದರಿ ಬದಲಿಗೆ ಕೊಡುತ್ತೇನೆ.