ಶಾರ್ಕ್‌ಗೆ ಗಾಳ: ಹುಬ್ಬಳ್ಳಿಯಿಂದ ಅಂಕೋಲೆಗೆ ಎರಡು ದಿನ

ಬೆಂಡು ಮುಳುಗಿದ ಕೂಡಲೇ ಕೋಲು ಜಗ್ಗಬೇಕು. ಮೀನು ಸಿಕ್ಕ ಕೂಡಲೇ ದಂಡೆಗೆ ಎಳೆಯಬೇಕು. ನಮ್ಮ ಕಡೆ ಗಾಳ ಹಿಡಿದವರ ಕೈಗೆ ಇದು ರೂಢಿಯಾಗಿಬಿಟ್ಟಿದೆ. ಊರ ಕೆರೆ, ವರದಾ, ತುಂಗಭದ್ರಾ, ಎಲ್ಲೇ ಆಗಲಿ, ರೋಹು, ಕಾಟ್ಲಾ, ಜಿಲೇಬಿಗೆ ಇಷ್ಟು ಸಾಕು. ಇದೇ ರೂಢಿ ಇಟ್ಟುಕೊಂಡು ಸಮುದ್ರಕ್ಕೆ ಹೋದರೆ ಕೆಲಸ ಕೆಡುತ್ತದೆ. ಜಗ್ಗಿದರೆ ಶಾರ್ಕ್ ತಪ್ಪಿಸಿಕೊಳ್ಳುತ್ತದೆ, ದಂಡೆಗೆ ಎಳೆದರೆ ಸಾಯುತ್ತದೆ.

ನಾವು ಐದು ಜನ ಗೆಳೆಯರು ಪ್ರತಿ ಚಳಿಗಾಲ ಎರಡು ದಿನ ಅಂಕೋಲೆ ಕಡೆ ಹೋಗುತ್ತೇವೆ. ಹುಬ್ಬಳ್ಳಿ, ಧಾರವಾಡ, ಗದಗದಿಂದ ಬಂದ ಹುಡುಗರು ಅಲ್ಲಿ ಸಿಗುತ್ತಲೇ ಇರುತ್ತಾರೆ. ಕೋಲು ಚೆನ್ನಾಗಿರುತ್ತದೆ, ಉತ್ಸಾಹ ಜಾಸ್ತಿ ಇರುತ್ತದೆ. ಮೀನು ಕಾಲ ಹತ್ತಿರ ಬಂದಾಗ ಏನು ಮಾಡಬೇಕು ಅನ್ನುವುದೊಂದು ಗೊತ್ತಿರುವುದಿಲ್ಲ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಯಾವಾಗ, ಎಲ್ಲಿ

ನವೆಂಬರ್‌ನಿಂದ ಫೆಬ್ರುವರಿ. ಮಳೆಗಾಲದಲ್ಲಿ ಬೇಡವೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ, ನಾವು ಯಾಕೆ ಇಳಿಯಬೇಕು?

ಹುಬ್ಬಳ್ಳಿಯಿಂದ ಅಂಕೋಲೆಗೆ ಸುಮಾರು 135 ಕಿ.ಮೀ. ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಆಯಿತು. ಲಾರಿಗಳ ಸಾಲು ಇರುತ್ತದೆ, ಬೆಳಿಗ್ಗೆ ಐದಕ್ಕೇ ಹೊರಡಿ. ನನಗೆ ಇಷ್ಟವಾದ ಜಾಗ ಗಂಗಾವಳಿ ನದಿ ಸಮುದ್ರ ಸೇರುವ ಕಡೆಯ ಉಸುಕಿನ ದಂಡೆ. ಧಾರವಾಡದ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲಾ ಕಲಘಟಗಿ ಕಡೆ ಬೇಡ್ತಿಗೆ ಸೇರಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಅನ್ನುವ ಹೆಸರಿನಲ್ಲಿ ಇಲ್ಲಿಗೇ ಬರುತ್ತದೆ. ನಮ್ಮೂರ ನೀರಿಗೇ ಗಾಳ ಹಾಕಿದ ಹಾಗೆ ಅನಿಸುತ್ತದೆ ನನಗೆ. ನದಿಯ ಬಾಯಲ್ಲಿ ಸಣ್ಣ ಮೀನು ಜಾಸ್ತಿ, ಅವುಗಳ ಹಿಂದೆ ಶಾರ್ಕ್ ಬರುತ್ತದೆ. ಆದರೆ ಹರಿವು ಜೋರಿರುತ್ತದೆ. ಮೊಣಕಾಲಿಗಿಂತ ಆಳಕ್ಕೆ ಯಾರೂ ಇಳಿಯಬಾರದು, ಈಜು ಬಂದರೂ ಅಷ್ಟೇ. ಕಾರವಾರದ ದಕ್ಷಿಣಕ್ಕೆ ಅರಗಾ ಕಡೆ ನೌಕಾನೆಲೆ ಇದೆ, ಆ ಭಾಗಕ್ಕೆ ಹೋಗಲೇಬೇಡಿ.

ಮೊಬೈಲ್‌ನಲ್ಲಿ ಉಬ್ಬರ-ಇಳಿತದ ವೇಳೆ ನೋಡಿ ವಾರ ಆರಿಸಿ. ಉಬ್ಬರ ಏರಿ ನಿಲ್ಲುವ ಹೊತ್ತು ಸೂರ್ಯ ಮುಳುಗುವ ಹೊತ್ತಿಗೆ ಹತ್ತಿರ ಬಂದರೆ ಅದೇ ಒಳ್ಳೆಯ ಶನಿವಾರ. ಉಬ್ಬರ ತುಂಬುವ ಮೊದಲು ಎರಡು ತಾಸು, ತುಂಬಿದ ಮೇಲೆ ಒಂದು ತಾಸು ಕೂತರೆ ಸಾಕು. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ದಂಡೆಯಲ್ಲಿ ರಂಪಣಿ ಅಥವಾ ಯೆಂಡಿ ಬಲೆ ಎಳೆಯುತ್ತಿದ್ದರೆ ಅಲ್ಲಿ ಕೋಲು ಬಿಚ್ಚಬೇಡಿ. ಅದು ಅವರ ಹೊಟ್ಟೆಪಾಡು. ದೂರ ಹೋಗಿ, ಇಲ್ಲಾ ಅವರ ಜೊತೆ ಹಗ್ಗ ಹಿಡಿದು ಎಳೆಯಿರಿ. ಯಾವ ಕಡೆ ಉಸುಕು ಕೊರೆದು ಗುಂಡಿ ಬಿದ್ದಿದೆ ಅಂತ ಅವರಿಗಿಂತ ಚೆನ್ನಾಗಿ ಹೇಳುವವರಿಲ್ಲ.

ಯಾವ ಶಾರ್ಕ್

ಕೊಂಕಣಿಯಲ್ಲಿ ಮೋರಿ ಅನ್ನುತ್ತಾರೆ. ದಂಡೆಯಿಂದ ಸಿಗುವುದು ಹೆಚ್ಚಾಗಿ ಸಲಿಕೆಯ ಹಾಗೆ ಚಪ್ಪಟೆ ಮೂತಿ ಇರುವ ಸಣ್ಣ ಜಾತಿ. ಪೂರ್ತಿ ಬೆಳೆದರೂ ಎರಡೂವರೆ ಅಡಿ ದಾಟುವುದಿಲ್ಲ. ಈ ಜಾತಿ ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಬಂಗುಡೆ ಲಕ್ಷಗಟ್ಟಲೆ ಮೊಟ್ಟೆ ಚೆಲ್ಲಿದರೆ ಇದು ಹಾಕುವುದು ಬೆರಳೆಣಿಕೆಯ ಮರಿ. ಅದಕ್ಕೇ ನಾವು ಹಿಡಿದದ್ದನ್ನೆಲ್ಲ ಬಿಡುತ್ತೇವೆ. ಊಟಕ್ಕೆ ಮೀನು ಬೇಕಾ, ಅಂಕೋಲೆ ಮಾರ್ಕೆಟ್ಟಿನಲ್ಲಿ ತಾಜಾ ಬಂಗುಡೆ ಸಿಗುತ್ತದೆ. ತಿಮಿಂಗಿಲ ಶಾರ್ಕ್ ಮತ್ತು ಗರಗಸ ಮೀನಿಗೆ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಶಾರ್ಕ್ ರೆಕ್ಕೆಯ ರಫ್ತಿಗೆ 2015ರಲ್ಲೇ ನಿಷೇಧ ಬಂದಿದೆ. ಮೂತಿಯಲ್ಲಿ ಗರಗಸ ಕಂಡರೆ ಮುಟ್ಟಲೇಬೇಡಿ, ದೂರದಿಂದಲೇ ದಾರ ಕತ್ತರಿಸಿ.

ಸಾಮಾನು

ಐದು ಜನಕ್ಕೆ ಎರಡೇ ಕೋಲು. ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಐದು ಕೋಲು ನೆಟ್ಟರೆ ದಾರ ಸಿಕ್ಕು ಬಿಡಿಸುವುದರಲ್ಲೇ ಉಬ್ಬರ ಇಳಿದುಹೋಗುತ್ತದೆ. ಮೀನು ಬಂದಾಗ ಸಹಾಯಕ್ಕೆ ಒಂದು ಕೈ ಖಾಲಿ ಇರುವುದಿಲ್ಲ.

ಕೋಲು 12 ಅಡಿಯ ಸರ್ಫ್ ರಾಡ್, ಅಂದರೆ ದಂಡೆಯಿಂದ ಅಲೆಯಾಚೆ ಎಸೆಯುವ ಉದ್ದ ಕೋಲು, ರೀಲು 6000ದಿಂದ 8000 ಅಳತೆಯದ್ದು. ಆನ್‌ಲೈನ್‌ನಲ್ಲಿ ಕೋಲು, ರೀಲು, ದಾರ, ಡಬ್ಬಿ ಎಲ್ಲಾ ಸೇರಿ ಅಗ್ಗಕ್ಕೆ ಬರುವ ಕಾಂಬೊ ಸೆಟ್ ತಗೋಬೇಡಿ. ಅದರ ಮಡಚುವ ಕೋಲಿನ ಗಂಟುಗಳಲ್ಲಿ ಉಸುಕು ಕೂತರೆ ಮತ್ತೆ ಮಡಚಲು ಬರುವುದಿಲ್ಲ. ನಮ್ಮದೊಂದು ಎರಡನೇ ಎಸೆತಕ್ಕೇ ಮುರಿಯಿತು. ಎರಡು ತುಂಡಿನ ಕೋಲೇ ಇರಲಿ. ಹಳೆಯದಾದರೂ ಅಡ್ಡಿಯಿಲ್ಲ. ನೆಡುವುದಕ್ಕೆ ಮೂರಡಿ ಪಿವಿಸಿ ಪೈಪ್ ಸಾಕು, ತುದಿ ಓರೆಯಾಗಿ ಕೊಯ್ದಿರಿ.

ಗಾಳದ ಮಾತು ಮುಖ್ಯ. ಕೆರೆಗೆ ಬಳಸುವ ಜೆ ಆಕಾರದ ಗಾಳ ಮನೆಯಲ್ಲೇ ಇರಲಿ. ಶಾರ್ಕ್‌ಗೆ ಸರ್ಕಲ್ ಹುಕ್ ಬೇಕು, 5/0 ಅಥವಾ 6/0 ಅಳತೆಯದ್ದು. ಅದರ ಮೊನೆ ಒಳಕ್ಕೆ ಬಾಗಿರುತ್ತದೆ. ಮೀನು ನುಂಗಿ ತಿರುಗಿದಾಗ ಗಾಳ ಗಂಟಲಲ್ಲಿ ಚುಚ್ಚದೆ ಜಾರಿ ಬಂದು ಬಾಯಿಯ ಮೂಲೆಯಲ್ಲಿ ಕೂರುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದ್ದು ಬೇಡ, ತುಕ್ಕು ಹಿಡಿಯುವಂಥದ್ದೇ ಬೇಕು. ಮೀನಿನ ಬಾಯಲ್ಲೇ ಉಳಿದರೂ ಕೊನೆಗೆ ಸವೆದು ಹೋಗುತ್ತದೆ. ಮೊನೆಯ ಒಳಮುಳ್ಳನ್ನು ಮನೆಯಲ್ಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಹತ್ತಿಬಟ್ಟೆಗೆ ಚುಚ್ಚಿ ಹಿಂದಕ್ಕೆ ಎಳೆದು ನೋಡಿ. ದಾರದ ಎಳೆ ಸಿಕ್ಕಿಕೊಳ್ಳದೆ ಬಂದರೆ ಸರಿ, ಸಿಕ್ಕಿಕೊಂಡರೆ ಇನ್ನೊಮ್ಮೆ ಒತ್ತಿ.

ಕಟ್ಟುವುದು, ಎಸೆಯುವುದು

ಮುಖ್ಯ ದಾರದ ತುದಿಗೆ ದಪ್ಪ ತಂಗೂಸಿಯ ತುಂಡು, ಅಂದರೆ ಲೀಡರ್, ಸೇರಿಸಬೇಕು. ಎಷ್ಟು ದಪ್ಪ? 1 ಔನ್ಸ್, ಅಂದರೆ 28 ಗ್ರಾಂ ಭಾರದ ಸೀಸದ ಗುಂಡಿಗೆ 10 ಪೌಂಡ್ ತಾಳುವ ದಾರ ಅನ್ನುವುದು ಲೆಕ್ಕ. 5 ಔನ್ಸ್ ಗುಂಡಿಗೆ 50 ಪೌಂಡ್. ನಾನು 60 ಪೌಂಡಿನದ್ದೇ ಹಾಕುತ್ತೇನೆ. ಲೀಡರ್ ತೆಳುವಾದರೆ ಎಸೆಯುವಾಗ ಕಡಿದು ಸೀಸದ ಗುಂಡು ಬಂದೂಕಿನ ಗುಂಡಿನ ಹಾಗೆ ಹೋಗುತ್ತದೆ. ಹಿಂದೆ ನಿಂತವರ ತಲೆಗೆ ಬಿದ್ದರೆ ಪ್ರಾಣವೇ ಹೋದೀತು. ಲೀಡರ್ ಕೋಲಿನ ಎರಡರಷ್ಟು ಉದ್ದ ಇರಬೇಕು, ರೀಲಿನ ಮೇಲೂ ಐದಾರು ಸುತ್ತು ಬರಬೇಕು. ಶಾರ್ಕ್‌ನ ಚರ್ಮ ಮರಳು ಕಾಗದದ ಹಾಗೆ, ತೆಳು ದಾರ ಅದಕ್ಕೆ ತಾಗಿದರೆ ತುಂಡಾಗುತ್ತದೆ.

ಲೀಡರ್ ಮೇಲೆ ಗುಂಡು ಜಾರುವಂತೆ ಬಿಡಿ, ಕೆಳಗೆ ಸ್ವಿವೆಲ್ (ತಿರುಗುವ ಕೊಂಡಿ) ಕಟ್ಟಿ, ಅದರ ಕೆಳಗೆ ಒಂದಡಿ ಉಕ್ಕಿನ ತಂತಿ, ತುದಿಗೆ ಗಾಳ. ಹಾರ್ಡ್‌ವೇರ್ ಅಂಗಡಿಯ ಗಟ್ಟಿ ತಂತಿ ಬೇಡ, ಒಮ್ಮೆ ಮಡಚಿದರೆ ಅಲ್ಲೇ ಮುರಿಯುತ್ತದೆ. ಎಳೆ ಎಳೆಯಾಗಿ ಹೆಣೆದ ತಂತಿಯೇ ಬೇಕು. ಯಾವುದೇ ಗಂಟು ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡಿ. ಒಣ ಗಂಟು ಉಜ್ಜಿ ಬಿಸಿಯಾಗಿ ಸೋಲುತ್ತದೆ.

ಎರೆಗೆ ತಾಜಾ ಬಂಗುಡೆಯ ಅರ್ಧ ತುಂಡು. ಗಾಳದ ಮೊನೆ ಪೂರ್ತಿ ಹೊರಗೆ ಕಾಣಬೇಕು. ಮೂರು ದಿನದ ಫ್ರೀಜರ್ ಮೀನು ನೀರಿಗೆ ಬಿದ್ದ ಕೂಡಲೇ ಹಿಟ್ಟಾಗುತ್ತದೆ, ಸುಮ್ನೆ ದುಡ್ಡು ದಂಡ.

ನೀರು ನೋಡಿ ಎಸೆಯಿರಿ. ಬಿಳಿ ನೊರೆ ಒಡೆಯುವ ಕಡೆ ಉಸುಕಿನ ದಿಬ್ಬ ಇರುತ್ತದೆ. ಅದರ ಈಚೆ ನೀರು ಕಪ್ಪಾಗಿ ಕಂಡರೆ ಅದೇ ಗುಂಡಿ, ಶಾರ್ಕ್ ಓಡಾಡುವ ದಾರಿ. ನಲವತ್ತು, ಐವತ್ತು ಮೀಟರ್ ಸಾಕು. ಎಸೆಯುವ ಅಭ್ಯಾಸವನ್ನು ಊರಲ್ಲೇ ಸುಗ್ಗಿ ಮುಗಿದ ಖಾಲಿ ಎರೆಹೊಲದಲ್ಲಿ, ಬರೀ ಗುಂಡು ಕಟ್ಟಿ ಮಾಡಿ ಹೋಗಿ.

ಕಚ್ಚಿದ ಮೇಲೆ

ಈಗ ಅಸಲು ಕೆಲಸ. ಮೊದಲ ವರ್ಷ ನಾವು ಇಲ್ಲೇ ಸೋತೆವು. ಎರಡಡಿ ಉದ್ದದ ಮೋರಿ ಸಿಕ್ಕಿತು. ಜೆ ಗಾಳ ಹಾಕಿದ್ದೆವು, ಗಂಟಲಿಗೆ ಇಳಿದಿತ್ತು. ಒಣ ಉಸುಕಿಗೆ ಎಳೆದು, ಬಾಲ ಹಿಡಿದು ಎತ್ತಿ, ಐದು ಮೊಬೈಲ್‌ನಲ್ಲಿ ಫೋಟೊ ತೆಗೆದೆವು. ಆಮೇಲೆ ನೀರಿಗೆ ಬಿಟ್ಟೆವು. ಅದು ಮಗುಚಿ ಬಿಳಿ ಹೊಟ್ಟೆ ಮೇಲಾಗಿ ತೇಲಿತು. ಅಲೆ ಅದನ್ನು ಮತ್ತೆ ನಮ್ಮ ಕಾಲಿಗೇ ತಂದು ಹಾಕಿತು. ದೂಡಿದೆವು, ಮತ್ತೆ ಬಂತು. ಮೂರನೇ ಸಲ ಕಿವಿರಿನ ಸೀಳುಗಳಲ್ಲಿ ಉಸುಕು ತುಂಬಿದ್ದು ಟಾರ್ಚ್ ಬೆಳಕಲ್ಲಿ ಕಂಡಿತು. ಬಲೆ ಸುತ್ತುತ್ತಿದ್ದ ಹಿರಿಯರೊಬ್ಬರು ಹತ್ತಿರ ಬಂದು, "ತಿನ್ನುದಾದ್ರೆ ತಿನ್ನಿ, ಬಿಡುದಾದ್ರೆ ಬೇಗ ಬಿಡಿ" ಅಂದರು. ಇಷ್ಟು ವರ್ಷವಾದರೂ ಆ ಮಾತು ನನ್ನ ಕಿವಿಯಲ್ಲಿದೆ.

ಶಾರ್ಕ್‌ಗೆ ಮೂಳೆ ಇಲ್ಲ, ಮೃದ್ವಸ್ಥಿ ಅಷ್ಟೇ. ಹೊಟ್ಟೆಯ ಒಳಗಿನದ್ದನ್ನು ಹಿಡಿದಿಡುವ ಪಕ್ಕೆಲುಬಿನ ಗೂಡಿಲ್ಲ. ನೀರಲ್ಲಿ ಇರುವಾಗ ನೀರೇ ಅದರ ಭಾರ ಹೊರುತ್ತದೆ. ಉಸುಕಿನ ಮೇಲೆ ಮಲಗಿಸಿದರೆ ಅದರ ಭಾರಕ್ಕೆ ಅದರ ಕರುಳೇ ಜಜ್ಜಿಹೋಗುತ್ತದೆ. ಬಾಲ ಹಿಡಿದು ತೂಗಿದರೆ ಒಳಗಿನದ್ದೆಲ್ಲ ತಲೆಯ ಕಡೆ ಜಾರುತ್ತದೆ. ಹೊರಗೆ ಒಂದು ಗಾಯವೂ ಕಾಣದೆ ಸಾಯುವುದು ಹೀಗೆ.

ಆದ್ದರಿಂದ ಗಾಳ ಎಸೆಯುವ ಮೊದಲೇ ಕೆಲಸ ಹಂಚಿಕೊಳ್ಳಿ. ಒಬ್ಬನಿಗೆ ಕೋಲು. ಒಬ್ಬನಿಗೆ ಕೈಗವಸು ಹಾಕಿ ಲೀಡರ್ ಹಿಡಿಯುವ ಕೆಲಸ. ಒಬ್ಬನ ಸೊಂಟದಲ್ಲಿ ಉದ್ದ ಮೂತಿಯ ಇಕ್ಕಳ ಮತ್ತು ತಂತಿ ಕತ್ತರಿ. ಒಬ್ಬನಿಗೆ ಟಾರ್ಚ್. ಐದನೆಯವ ಸಮುದ್ರ ನೋಡುತ್ತ ನಿಲ್ಲಬೇಕು, ದೊಡ್ಡ ಅಲೆ ಬಂದರೆ ಕೂಗಬೇಕು. ನಾವು ಗೋಣಿಚೀಲದಲ್ಲಿ ಹಸಿ ಉಸುಕು ತುಂಬಿ, ಅದನ್ನೇ ಮೀನು ಅಂತ ಮಾಡಿಕೊಂಡು ಎರಡು ಸಲ ತಾಲೀಮು ಮಾಡುತ್ತೇವೆ. ನೀವೂ ಮಾಡಿ.

ಕೋಲಿನ ತುದಿ ಬಾಗಿದಾಗ ಜಗ್ಗಬೇಡಿ. ಕೈ ತಡೆಯುವುದಿಲ್ಲ, ಆದರೂ ತಡೆಯಿರಿ. ಕೋಲು ಎತ್ತಿ ದಾರ ಬಿಗಿಯಾಗುವವರೆಗೆ ರೀಲು ಸುತ್ತಿ, ಅಷ್ಟೇ. ಗಾಳ ತಾನೇ ಮೂಲೆಗೆ ಹೋಗಿ ಕೂರುತ್ತದೆ. ಓಡಿದರೆ ಓಡಲು ಬಿಡಿ, ಡ್ರ್ಯಾಗ್, ಅಂದರೆ ದಾರ ಬಿಡುವ ರೀಲಿನ ಬಿಗಿತ, ಮೊದಲೇ ಸಡಿಲ ಇಟ್ಟಿರಬೇಕು. ನಿಂತಾಗ ಸುತ್ತಿ. ಹಾಗಂತ ಆಟ ಆಡಿಸುತ್ತ ಅರ್ಧ ತಾಸು ಕಳೆಯಬೇಡಿ, ದಣಿದ ಮೀನು ಬದುಕುವುದಿಲ್ಲ.

ಕೊನೆಯ ಹತ್ತು ಮೀಟರ್‌ನಲ್ಲೇ ಜಾಸ್ತಿ ಜನ ತಪ್ಪುವುದು. ಅಲೆ ಮುಂದೆ ಬರುವಾಗ ಸುತ್ತಿ, ಅದೇ ಮೀನನ್ನು ತರುತ್ತದೆ. ಅಲೆ ಹಿಂದೆ ಸರಿಯುವಾಗ ಸುತ್ತುವುದು ನಿಲ್ಲಿಸಿ, ದಾರ ಕೊಡಿ. ಹಿಂದೆ ಹೋಗುವ ನೀರಿನ ಎದುರು ಎಳೆದರೆ ದಾರ ಕಡಿಯುತ್ತದೆ. ಹೀಗೆ ಮೂರು ನಾಲ್ಕು ಅಲೆಯಲ್ಲಿ ಮೀನು ಪಾದ ಮುಳುಗುವ ನೀರಿಗೆ ಬರುತ್ತದೆ. ಅಲ್ಲೇ ನಿಲ್ಲಿಸಿ. ಒಣ ಉಸುಕಿಗೆ ಒಂದು ಗೇಣೂ ತರಬೇಡಿ.

ಲೀಡರ್ ಹಿಡಿಯುವವನು ಅದನ್ನು ಮುಷ್ಟಿಯಲ್ಲಿ ಹಿಡಿಯಬೇಕು, ಕೈಗೆ ಸುತ್ತಿಕೊಳ್ಳಬಾರದು. ಮೀನು ಒಮ್ಮೆ ಮೈ ಕೊಡವಿದರೆ ಬೆರಳು ಕೊಯ್ದುಹೋಗುತ್ತದೆ. ಆಮೇಲೆ ಒಂದು ಕೈ ಎದುರಿನ ರೆಕ್ಕೆಗಳ ಹಿಂದೆ ಬೆನ್ನಿನ ಮೇಲೆ, ಇನ್ನೊಂದು ಬಾಲದ ಬುಡಕ್ಕೆ. ಬಾಲ ಒಂದನ್ನೇ ಹಿಡಿದರೆ ಅದು ಬಳ್ಳಿಯ ಹಾಗೆ ಬಾಗಿ ಹಿಡಿದ ಕೈಯನ್ನೇ ಕಚ್ಚುತ್ತದೆ. ತಲೆ ಸಮುದ್ರದ ಕಡೆಗೇ ಇರಬೇಕು, ಬರುವ ಅಲೆ ಬಾಯಿಂದ ಹೊಕ್ಕು ಕಿವಿರಿನಿಂದ ಹೊರಬೀಳಬೇಕು. ಇಕ್ಕಳದಿಂದ ಗಾಳದ ಬಾಗು ಹಿಡಿದು, ಹೊಕ್ಕ ದಾರಿಯಲ್ಲೇ ತಿರುಗಿಸಿ. ಮುಳ್ಳು ಚಪ್ಪಟೆ ಮಾಡಿದ್ದರೆ ಸಲೀಸಾಗಿ ಬರುತ್ತದೆ. ಒಳಗೆ ನುಂಗಿದ್ದರೆ ಕೆದಕಬೇಡಿ, ತಂತಿಯನ್ನು ಬಾಯಿಯ ಹತ್ತಿರ ಕತ್ತರಿಸಿಬಿಡಿ. ಟಾರ್ಚ್ ಹಿಡಿದವನು ಗಟ್ಟಿಯಾಗಿ ಅರವತ್ತರವರೆಗೆ ಎಣಿಸಲಿ. ಅಷ್ಟರೊಳಗೆ ಮುಗಿಯಬೇಕು. ಫೋಟೊ ಬೇಕಿದ್ದರೆ ನೀರಲ್ಲೇ ಒಂದು.

ಬಿಡುವಾಗ ಹಿಂದೆ ಮುಂದೆ ಜಗ್ಗಾಡಿಸುವವರನ್ನು ನೋಡಿದ್ದೇನೆ. ಹಿಂದಕ್ಕೆ ಎಳೆದರೆ ಕಿವಿರಿಗೆ ನೀರು ಉಲ್ಟಾ ನುಗ್ಗುತ್ತದೆ. ಸುಮ್ನೆ ಅಲೆಗೆ ಮುಖ ಮಾಡಿ ಹಿಡಿದು ಕಾಯಿರಿ. ಮೊದಲು ಬಾಲದ ಬುಡದಲ್ಲಿ ಸಣ್ಣಗೆ ನಡುಕ ಕೈಗೆ ತಾಗುತ್ತದೆ. ಆಮೇಲೆ ಇಡೀ ಮೈ ಬಿಗಿಯಾಗುತ್ತದೆ. ಮೂರನೆಯದಾಗಿ ಒಂದು ಒದೆತ. ಆಗ ಕೈ ಬಿಡಿ, ಅದಕ್ಕೂ ಮೊದಲು ಬಿಡಬೇಡಿ.

ನಿಮ್ಮ ಎದೆಮಟ್ಟಕ್ಕಿಂತ ಉದ್ದದ ಶಾರ್ಕ್ ಬಂದರೆ ಇದ್ಯಾವುದನ್ನೂ ಮಾಡಬೇಡಿ. ಬುಲ್ ಶಾರ್ಕ್‌ನಂಥವು ನದಿಯ ಬಾಯಿಗೂ ಬರುತ್ತವೆ. ಹತ್ತಿರ ಹೋಗದೆ, ಸಾಧ್ಯವಾದಷ್ಟು ಗಾಳದ ಕಡೆಗೇ ಲೀಡರ್ ಕತ್ತರಿಸಿ.

ಇನ್ನೆರಡು ಮಾತು

ತೊರಕೆ (ಸ್ಟಿಂಗ್‌ರೇ) ಕೂಡ ಸಿಗುತ್ತದೆ, ಅದರ ಬಾಲದ ಮುಳ್ಳು ವಿಷ. ನೀರಲ್ಲಿ ಕಾಲು ಎತ್ತಿ ಇಡಬೇಡಿ, ಉಸುಕಿಗೆ ಉಜ್ಜುತ್ತ ನಡೆಯಿರಿ, ಅದು ಸರಿದುಹೋಗುತ್ತದೆ. ಚುಚ್ಚಿದರೆ ಸುಡದಷ್ಟು ಬಿಸಿ ನೀರಲ್ಲಿ ಕಾಲು ಇಟ್ಟುಕೊಂಡು ಆಸ್ಪತ್ರೆಗೆ ಹೊರಡಿ. ಫ್ಲಾಸ್ಕಿನಲ್ಲಿ ಬಿಸಿ ನೀರು ನಾವು ಒಯ್ಯುವುದು ಚಹಾಕ್ಕಷ್ಟೇ ಅಲ್ಲ.

ಚಳಿಗಾಲದಲ್ಲಿ ಈ ಕರಾವಳಿಗೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಬಿಳಿ ಬೆಳಕಿಗೆ ಗಾಬರಿಯಾಗಿ ತಿರುಗಿ ಹೋಗುತ್ತವೆ. ಟಾರ್ಚ್‌ಗೆ ಕೆಂಪು ಹಾಳೆ ಸುತ್ತಿ, ಬೆಂಕಿ ಹಾಕಬೇಡಿ. ಊಟಕ್ಕೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ದರೆ ಒಲೆಯೇ ಬೇಡ.

ಹೊರಡುವ ಮೊದಲು ತುಂಡು ತಂಗೂಸಿ ಎಲ್ಲಾ ಆರಿಸಿ ಚೀಲಕ್ಕೆ ಹಾಕಿ. ಹುಬ್ಬಳ್ಳಿ ಮುಟ್ಟಿದ ರಾತ್ರಿಯೇ ರೀಲುಗಳನ್ನು ಸಿಹಿನೀರಲ್ಲಿ ತೊಳೆಯಿರಿ. ನಲ್ಲಿಯನ್ನು ಜೋರಾಗಿ ಬಿಡಬೇಡಿ, ಉಪ್ಪು ಒಳಕ್ಕೆ ನುಗ್ಗುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಡ್ರ್ಯಾಗ್ ಸಡಿಲಿಸಿ, ನೆರಳಲ್ಲಿ ಒಣಗಿಸಿ ಇಡಿ.